ನೀರಿನ ಯಂತ್ರ ಕೊಳ್ಳುವ ಮುನ್ನ

ಈಚಿನ ವರ್ಷಗಳಲ್ಲಿ ನಮ್ಮವರ ಮನೆಗಳಲ್ಲಿ ಒಂದು ಯಂತ್ರದ ಮಾತು ಆಗಾಗ ಕೇಳಿಬರುತ್ತಿದೆ. ಅಡಿಗೆಮನೆಯ ಕಟ್ಟೆಯ ಮೇಲೆ ಕೂರುವ, ನಲ್ಲಿಗೆ ಕೊಳವೆ ಜೋಡಿಸಿಕೊಳ್ಳುವ, ಗುಂಡಿ ಒತ್ತಿದರೆ ‘ಕ್ಷಾರೀಯ ನೀರು’ ಸುರಿಸುವ ಯಂತ್ರ ಅದು. ಹೆಸರು ವಾಟರ್ ಅಯೊನೈಸರ್. ಅದನ್ನು ಹೊಗಳಿ ಹೇಳುವವರು ಅಪರಿಚಿತರಲ್ಲ. ಸಂಘದ ಗಣೇಶೋತ್ಸವದಲ್ಲಿ ನಿಮ್ಮ ಪಕ್ಕದಲ್ಲೇ ಕುಳಿತು ಊಟ ಮಾಡಿದವರು, ನಿಮ್ಮ ತಂದೆಯವರ ಜೊತೆ ಒಂದೇ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರು, ಇಲ್ಲವೇ ದೂರದ ಸಂಬಂಧದ ಒಬ್ಬ ಮಾವ. ಸಕ್ಕರೆ ಕಾಯಿಲೆ ಇಳಿಯುತ್ತದೆ, ಮಂಡಿನೋವು ಹೋಗುತ್ತದೆ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಎಂದು ಅವರು ಹೇಳುತ್ತಾರೆ. ಬೆಲೆ ಕೇಳಿದರೆ ಒಂದು ಲಕ್ಷ ದಾಟುವುದುಂಟು.

ಆಗ ಅಪ್ಪ ಅಮ್ಮ ನಿಮ್ಮ ಮುಖ ನೋಡುತ್ತಾರೆ. “ನೀನು ಸೈನ್ಸ್ ಓದಿದವನು, ಸ್ವಲ್ಪ ನೋಡಿ ಹೇಳಪ್ಪ” ಎನ್ನುತ್ತಾರೆ. ನಿವೃತ್ತಿಯ ಹಣ ಬ್ಯಾಂಕಿನಲ್ಲಿದೆ, ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ, ಮಾರಲು ಬಂದವರು ಬೇಕಾದವರು. ಈ ಮೂರೂ ಕೂಡಿದಲ್ಲಿ ನೀವು ಆಡುವ ಮಾತಿಗೆ ತೂಕ ಬರುತ್ತದೆ. ಆ ಮಾತನ್ನು ತಿಳಿದು ಆಡಲು ನೆರವಾಗಲೆಂದೇ ಈ ಲೇಖನ.

ಮುಖ್ಯವಾದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಯೊನೈಸರ್ ನೀರಿನ ಗುಣವನ್ನು ಬದಲಿಸುತ್ತದೆ, ನೀರನ್ನು ಶುದ್ಧಗೊಳಿಸುವುದಿಲ್ಲ. ಇವೆರಡೂ ಬೇರೆ ಬೇರೆ ಕೆಲಸಗಳು. ಆದ್ದರಿಂದ ಯಂತ್ರ ಯಾವುದು ಎಂದು ಕೇಳುವ ಮುನ್ನ ನಮ್ಮ ಮನೆಯ ನೀರು ಎಂಥದು ಎಂದು ಕೇಳಬೇಕು.

ಯಂತ್ರದೊಳಗೆ ಏನು ನಡೆಯುತ್ತದೆ?

ಇದರ ಹಿಂದಿನ ವಿಜ್ಞಾನ ಹೊಸದಲ್ಲ. ನೀರಿಗೆ ವಿದ್ಯುತ್ ಹಾಯಿಸಿದರೆ ಅದು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ ಎಂಬುದನ್ನು ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ 1800ರಲ್ಲೇ ತೋರಿಸಿದ್ದರು. ‘ಅಯಾನು’ ಎಂದು ನೀವು ಶಾಲೆಯಲ್ಲಿ ಓದಿದ ಪದವನ್ನು ಬಳಕೆಗೆ ತಂದವರು ಮೈಕೇಲ್ ಫ್ಯಾರಡೆ, 1834ರಲ್ಲಿ.

ಅಯೊನೈಸರಿನೊಳಗೆ ಟೈಟಾನಿಯಂ ಲೋಹದ ಕೆಲವು ತಗಡುಗಳಿರುತ್ತವೆ. ಅವುಗಳಿಗೆ ಪ್ಲಾಟಿನಂ ಲೇಪ. ತಗಡುಗಳ ನಡುವೆ ತೆಳುವಾದ ಪೊರೆ. ನಲ್ಲಿಯ ನೀರು ಮೊದಲು ಇದ್ದಿಲಿನ ಸೋಸುಕದ ಮೂಲಕ ಹಾದು ಈ ತಗಡುಗಳ ನಡುವೆ ಬರುತ್ತದೆ. ವಿದ್ಯುತ್ ಹರಿದಾಗ ಋಣ ತಗಡಿನ ಬಳಿ ಜಲಜನಕದ ಗುಳ್ಳೆಗಳು ಎದ್ದು, ಹೈಡ್ರಾಕ್ಸೈಡ್ ಅಯಾನುಗಳು ಉಳಿಯುತ್ತವೆ. ಅಲ್ಲಿನ ನೀರು ಕ್ಷಾರವಾಗುತ್ತದೆ. ಧನ ತಗಡಿನ ಬಳಿಯ ನೀರು ಆಮ್ಲವಾಗುತ್ತದೆ. ಪೊರೆ ಇವೆರಡನ್ನೂ ಬೇರೆಯಾಗಿ ಇಡುತ್ತದೆ. ಒಂದು ಕೊಳವೆಯಿಂದ ಕುಡಿಯುವ ನೀರು, ಇನ್ನೊಂದರಿಂದ ಸಿಂಕಿಗೆ ಹೋಗುವ ಆಮ್ಲೀಯ ನೀರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಿರಿ. ಮೊದಲನೆಯದು, ನೀರಿನಲ್ಲಿ ಕರಗಿದ ಲವಣಗಳು ಇಲ್ಲದಿದ್ದರೆ ವಿದ್ಯುತ್ ಹರಿಯುವುದೇ ಕಷ್ಟ. ಆರ್.ಒ. ಯಂತ್ರದಿಂದ ಬಂದ, ಲವಣ ಕಳೆದುಕೊಂಡ ನೀರನ್ನು ಇದಕ್ಕೆ ಕೊಟ್ಟರೆ ಇದು ಸರಿಯಾಗಿ ಕೆಲಸ ಮಾಡದು. ಎರಡನೆಯದು, ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಮುಂತಾದವನ್ನು ತೆಗೆಯುವ ಏರ್ಪಾಡು ಇದರಲ್ಲಿ ಇಲ್ಲ. ಒಳಗಿನ ಇದ್ದಿಲು ಕ್ಲೋರಿನ್ ವಾಸನೆಯನ್ನು ಹೀರುತ್ತದೆ, ರುಚಿ ಸುಧಾರಿಸುತ್ತದೆ, ಅಷ್ಟೇ. ರೋಗಾಣುಗಳಿರುವ ನೀರನ್ನು ಕೊಟ್ಟರೆ ಅದನ್ನು ನಂಬಿ ಕುಡಿಯುವಂತಿಲ್ಲ.

ಆಮ್ಲ ಕ್ಷಾರಗಳನ್ನು ಅಳೆಯುವ ಪಿ.ಎಚ್. ಮಾನವನ್ನು ಡೆನ್ಮಾರ್ಕಿನ ಸೋರೆನ್ಸನ್ 1909ರಲ್ಲಿ ರೂಪಿಸಿದರು. 7 ಎಂದರೆ ತಟಸ್ಥ. ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐ.ಎಸ್. 10500 (2012ರ ಆವೃತ್ತಿ) ನೀರಿನ ಪಿ.ಎಚ್. 6.5ರಿಂದ 8.5ರ ಒಳಗೆ ಇರಬೇಕೆನ್ನುತ್ತದೆ. ಅಯೊನೈಸರಿನವರು ಕುಡಿಯಲು ಹೇಳುವುದು ಸಾಮಾನ್ಯವಾಗಿ 8.5ರಿಂದ 9.5ರ ನೀರನ್ನು. ನಮ್ಮ ಮಾನಕದ ಮೇಲ್ಮಿತಿಗಿಂತ ಆಚೆಗೆ ಎಂಬುದನ್ನು ನೆನಪಿಡಿ.

ಜಪಾನಿನಲ್ಲಿ 1965ರಲ್ಲಿ ಈ ಯಂತ್ರಕ್ಕೆ ಮನೆಬಳಕೆಯ ವೈದ್ಯಕೀಯ ಸಾಧನವೆಂದು ಸರಕಾರದ ಮನ್ನಣೆ ದೊರೆಯಿತು ಎಂದು ಮಾರುವವರು ಹೇಳುತ್ತಾರೆ. ಅದು ನಿಜ. ಆದರೆ ಆ ಮನ್ನಣೆ ಅಜೀರ್ಣ, ಹೊಟ್ಟೆಯ ಹುಳಿ, ಭೇದಿಯಂಥ ಹೊಟ್ಟೆಯ ತೊಂದರೆಗಳಿಗೆ ಮಾತ್ರ. ಸಕ್ಕರೆ ಕಾಯಿಲೆಗಲ್ಲ, ಕ್ಯಾನ್ಸರಿಗಲ್ಲ, ಮಂಡಿನೋವಿಗೂ ಅಲ್ಲ. ಅರ್ಧ ಸತ್ಯವನ್ನು ಪೂರ್ತಿ ಸತ್ಯದ ಬೆಲೆಗೆ ಮಾರುವುದು ಹೀಗೆ.

ಅರಿಸಿನ, ಸುಣ್ಣ ಮತ್ತು ಬಣ್ಣದ ಹನಿಗಳು

ಮನೆಗೆ ಬಂದವರು ನಿಮ್ಮ ಮುಂದೆ ಒಂದೆರಡು ಪ್ರಯೋಗ ಮಾಡಿ ತೋರಿಸುತ್ತಾರೆ. ನೋಡಲು ಚೆನ್ನಾಗಿರುತ್ತವೆ. ಅವುಗಳ ಅರ್ಥ ತಿಳಿದುಕೊಂಡಿರಿ.

ಒಂದು, ಬಣ್ಣದ ಹನಿಗಳ ಪ್ರಯೋಗ. ನಿಮ್ಮ ಆರ್.ಒ. ನೀರಿಗೆ ಎರಡು ಹನಿ ಹಾಕಿದರೆ ಹಳದಿ, ಅವರ ನೀರಿಗೆ ಹಾಕಿದರೆ ನೀಲಿ ಅಥವಾ ನೇರಳೆ. “ನೋಡಿ, ನೀವು ಆಮ್ಲ ಕುಡಿಯುತ್ತಿದ್ದೀರಿ” ಎನ್ನುತ್ತಾರೆ. ಇಂಥ ಪ್ರಯೋಗ ನಮ್ಮ ಅಜ್ಜಿಯರಿಗೆ ಹೊಸದೇನಲ್ಲ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಮದುವೆ, ಬಾಣಂತನಗಳಲ್ಲಿ ಆರತಿ ಎತ್ತಿ ದೃಷ್ಟಿ ತೆಗೆಯುವ ಓಕುಳಿ ನೀರು ಅದೇ ತಾನೆ? ಸುಣ್ಣ ಕ್ಷಾರ, ಆದ್ದರಿಂದ ಅರಿಸಿನ ಬಣ್ಣ ಬದಲಿಸಿತು. ಅವರ ಹನಿಗಳೂ ಅದೇ ಜಾತಿಯವು. ಒಂದು ಲೋಟ ನೀರಿಗೆ ಚಿಟಿಕೆ ಅಡಿಗೆ ಸೋಡಾ ಹಾಕಿ ಅದೇ ಹನಿಗಳನ್ನು ಬಿಟ್ಟು ನೋಡಿ, ಅಲ್ಲೂ ಬಣ್ಣ ಕ್ಷಾರದ ಕಡೆಗೆ ತಿರುಗುತ್ತದೆ. ಬಣ್ಣ ಹೇಳುವುದು ಪಿ.ಎಚ್. ಎಷ್ಟೆಂಬುದನ್ನು ಮಾತ್ರ; ಆರೋಗ್ಯವನ್ನಲ್ಲ. ಇನ್ನು ಆರ್.ಒ. ನೀರು ತುಸು ಆಮ್ಲೀಯವಾಗಿರುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗುವುದರಿಂದ. ನಿಂಬೆರಸದ ಪಿ.ಎಚ್. ಸುಮಾರು 2, ಮಜ್ಜಿಗೆಯದು ಸುಮಾರು 4.5. ಊಟದ ಕೊನೆಗೆ ಮಜ್ಜಿಗೆ ಅನ್ನ ಉಂಡವರು ಯಾರೂ ಆಮ್ಲದಿಂದ ಕೆಟ್ಟಿಲ್ಲ.

ಎರಡು, ಕಂಬಿಗಳ ಪ್ರಯೋಗ. ಎರಡು ಲೋಟಗಳಲ್ಲಿ ನಲ್ಲಿ ನೀರು ಮತ್ತು ಆರ್.ಒ. ನೀರು. ವಿದ್ಯುತ್ ಹಾಯುವ ಲೋಹದ ಕಂಬಿಗಳನ್ನು ಅದ್ದಿದೊಡನೆ ನಲ್ಲಿ ನೀರು ಕಂದು ಬಣ್ಣದ ರಾಡಿಯಾಗುತ್ತದೆ. ಅಮ್ಮ ಗಾಬರಿಯಾಗುತ್ತಾರೆ. ಆದರೆ ಆ ರಾಡಿ ನೀರಿನಲ್ಲಿದ್ದ ಕೊಳೆಯಲ್ಲ. ಕಬ್ಬಿಣದ ಕಂಬಿಯೇ ಕರಗಿ ಬಂದ ತುಕ್ಕು. ನಲ್ಲಿ ನೀರಿನಲ್ಲಿ ಲವಣಗಳಿರುವುದರಿಂದ ವಿದ್ಯುತ್ ಹರಿಯಿತು, ಕಂಬಿ ಕರಗಿತು. ಆರ್.ಒ. ನೀರಿಗೆ ಚಿಟಿಕೆ ಉಪ್ಪು ಹಾಕಿ ಮತ್ತೆ ಅದ್ದಿ ನೋಡಲು ಹೇಳಿ, ಅದೂ ಕಂದಾಗುತ್ತದೆ. ಆರ್.ಒ. ಮಾರುವವರು ಬಹಳ ಕಾಲದಿಂದ ಬಳಸುತ್ತಿರುವ ತಂತ್ರವಿದು.

ಮೂರು, ಮೀಟರಿನ ಪ್ರಯೋಗ. ಒಂದು ಅಳತೆಯ ಕಡ್ಡಿ ಅದ್ದಿ, ಋಣ ಸಂಖ್ಯೆ ತೋರಿಸಿ, ಇದು ‘ಮುಪ್ಪು ತಡೆಯುವ’ ನೀರು ಎನ್ನುತ್ತಾರೆ. ಆ ಸಂಖ್ಯೆ ಬಹುಮಟ್ಟಿಗೆ ನೀರಿನಲ್ಲಿ ಕರಗಿದ ಜಲಜನಕದಿಂದ ಬಂದದ್ದು. ಲೋಟದಲ್ಲಿ ಕೆಲವು ಗಂಟೆ ಇಟ್ಟರೆ ಅನಿಲ ಹಾರಿಹೋಗಿ ಸಂಖ್ಯೆಯೂ ಇಳಿಯುತ್ತದೆ.

ಹೊಟ್ಟೆಗೆ ಹೋದ ಮೇಲೆ

ಕ್ಷಾರೀಯ ನೀರು ಕುಡಿದರೆ ರಕ್ತ ಕ್ಷಾರೀಯವಾಗುತ್ತದೆ, ಆಗ ರೋಗಗಳು ಬದುಕಲಾರವು ಎಂಬುದು ಮಾರುವವರ ಮುಖ್ಯ ವಾದ. ನಮ್ಮ ರಕ್ತದ ಪಿ.ಎಚ್. 7.35ರಿಂದ 7.45. ಶ್ವಾಸಕೋಶಗಳೂ ಮೂತ್ರಪಿಂಡಗಳೂ ಸೇರಿ ಹಗಲಿರುಳೂ ಅದನ್ನು ಆ ಕಿರಿದಾದ ಅಂತರದಲ್ಲೇ ಕಾಯುತ್ತವೆ. ಅದು ಆ ಗೆರೆ ದಾಟಿದರೆ ಆರೋಗ್ಯ ಬರುವುದಿಲ್ಲ, ಆಸ್ಪತ್ರೆಗೆ ಸೇರಬೇಕಾಗುತ್ತದೆ.

ಕುಡಿದ ನೀರು ಮೊದಲು ತಲುಪುವುದು ಜಠರವನ್ನು. ಬರಿಹೊಟ್ಟೆಯಲ್ಲಿ ಅಲ್ಲಿನ ರಸದ ಪಿ.ಎಚ್. ಸುಮಾರು 1.5ರಿಂದ 3.5. ಲೆಕ್ಕದಲ್ಲಿ ಆಸಕ್ತಿಯಿದ್ದವರು ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಪಿ.ಎಚ್. 9.5ರ ಒಂದು ಲೀಟರ್ ನೀರಿನಲ್ಲಿರುವ ಬಿಡಿ ಹೈಡ್ರಾಕ್ಸೈಡ್ ಅಯಾನುಗಳನ್ನು ಅಳಿಸಲು ಪಿ.ಎಚ್. 1.5ರ ಜಠರರಸ ಎಷ್ಟು ಬೇಕು? ಸುಮಾರು ಒಂದು ಮಿಲಿಲೀಟರ್. ನೀರಿನ ಲವಣಗಳಿಗೆಂದು ಇನ್ನಷ್ಟು ಸೇರಿಸಿದರೂ, ದಿನಕ್ಕೆ ಒಂದೂವರೆ ಎರಡು ಲೀಟರ್ ರಸ ಸ್ರವಿಸುವ ಹೊಟ್ಟೆಗೆ ಅದು ದೊಡ್ಡ ಹೊರೆಯಲ್ಲ. ಇಷ್ಟು ಹಣ ಕೊಟ್ಟು ತಂದ ಕ್ಷಾರ ಜಠರದಲ್ಲೇ ಮುಗಿದುಹೋಗುತ್ತದೆ.

ಹುಳಿತೇಗಿನವರಿಗೆ ತುಸು ಹಾಯೆನಿಸಿದರೆ ಅದನ್ನು ಅಲ್ಲಗಳೆಯಬೇಕಿಲ್ಲ. ಮೊದಲು ಕಡಿಮೆ ನೀರು ಕುಡಿಯುತ್ತಿದ್ದವರು, ದುಬಾರಿ ಯಂತ್ರ ಬಂದಿತೆಂದು ದಿನಕ್ಕೆ ಎರಡು ಲೀಟರ್ ಕುಡಿಯತೊಡಗಿದರೆ ಮೈ ಹಗುರವಾಗುವುದೂ ಸಹಜವೇ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರುಗಳನ್ನು ಇದು ಗುಣಪಡಿಸುತ್ತದೆ ಎನ್ನಲು ನಂಬಬಹುದಾದ ಪುರಾವೆ ಇಲ್ಲ.

ನಿಜವಾದ ಅಪಾಯ ಇರುವುದು ಇಲ್ಲಿಯೇ. ಯಂತ್ರ ಬಂದ ಮೇಲೆ ಅಜ್ಜಿ ಮಾತ್ರೆ ನಿಲ್ಲಿಸಿದರೆ? ಹಣ ಹೋದರೆ ಮತ್ತೆ ಗಳಿಸಬಹುದು. ಮೂರು ತಿಂಗಳು ಇನ್ಸುಲಿನ್ ಇಲ್ಲದೆ ಕೆಟ್ಟ ಕಣ್ಣು, ಕೆಟ್ಟ ಮೂತ್ರಪಿಂಡ ಮತ್ತೆ ಬಾರದು. ಮನೆಯಲ್ಲಿ ಯಂತ್ರ ಇರಲಿ ಬಿಡಲಿ, ವೈದ್ಯರನ್ನು ಕೇಳದೆ ಒಂದು ಮಾತ್ರೆಯೂ ನಿಲ್ಲದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಈ ನೀರನ್ನು ಕುಡಿಯಬಾರದು. ಹಸುಗೂಸಿನ ಹಾಲಿನ ಪುಡಿ ಕಲಸಲು ಇದನ್ನು ಬಳಸಬಾರದು.

ಮೊದಲು ನಿಮ್ಮ ನೀರನ್ನು ಬಲ್ಲಿರಾ?

ಈಗ ನಿಮ್ಮ ಊರಿಗೆ ಬರೋಣ. ನಾವು ಹೊರನಾಡಿನಲ್ಲಿದ್ದೇವೆ, ಆದರೆ ನಾವು ಕುಡಿಯುವ ನೀರಿಗೆ ಎಷ್ಟೋ ಕಡೆ ತವರಿನ ನಂಟಿದೆ.

ಮುಂಬಯಿಯವರಿಗೆ ನೀರು ಬರುವುದು ವಿಹಾರ್, ತುಳಸಿ, ತಾನ್ಸಾ, ಭಾತ್ಸಾ ಮತ್ತು ವೈತರಣಾ ನದಿಯ ಜಲಾಶಯಗಳಿಂದ. ಮಳೆಯ ನೀರು ಕಟ್ಟಿದ ಕೆರೆಗಳಾದ್ದರಿಂದ ಲವಣ ಕಡಿಮೆ, ನೀರು ಮೆದು. 2019ರ ನವೆಂಬರಿನಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಭಾರತೀಯ ಮಾನಕ ಬ್ಯೂರೋ ವರದಿಯಲ್ಲಿ ಮುಂಬಯಿಯ ನಲ್ಲಿ ನೀರಿನ ಮಾದರಿಗಳೆಲ್ಲ ತೇರ್ಗಡೆಯಾದವು. ಅದೇ ವರದಿಯಲ್ಲಿ ದೆಹಲಿಯ ಮತ್ತು ಚೆನ್ನೈಯ ಮಾದರಿಗಳು ಮಾನಕ ಮುಟ್ಟಲಿಲ್ಲ.

ಪುಣೆಯವರು ಕುಡಿಯುವ ಖಡಕ್‌ವಾಸ್ಲಾ ಜಲಾಶಯದಲ್ಲೇ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಮೊದಲು ಅಳವಡಿಸಿದ್ದು. ಹೈದರಾಬಾದಿನಲ್ಲಿ 1908ರ ಮೂಸಿ ಪ್ರವಾಹದ ನಂತರ ನಿಜಾಮರು ಕರೆಸಿಕೊಂಡದ್ದೂ ಅವರನ್ನೇ. ಅವರ ಸಲಹೆಯ ಫಲವಾಗಿ ಎದ್ದವು ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್. ಇಂದು ಹೈದರಾಬಾದಿಗೆ ಕೃಷ್ಣೆ, ಗೋದಾವರಿಯ ನೀರೂ ಬರುತ್ತದೆ. ಚೆನ್ನೈಯ ಮಿತ್ರರೇ, ವೀರಾಣಂ ಕೆರೆಯಿಂದ ನಿಮ್ಮ ನಗರಕ್ಕೆ 2004ರಿಂದ ಬರುತ್ತಿರುವುದು ಕೊಡಗಿನಲ್ಲಿ ಹುಟ್ಟಿದ ಕಾವೇರಿಯೇ.

ಇವೆಲ್ಲ ನಗರದ ಕೊಳವೆಯವರೆಗಿನ ಕಥೆ. ನಿಮ್ಮ ಲೋಟಕ್ಕೆ ಬರುವ ನೀರು ಬೇರೆಯಾಗಿರಬಹುದು. ಸೊಸೈಟಿಯ ನೆಲದಡಿಯ ಟ್ಯಾಂಕು ಒಡೆದಿದ್ದರೆ, ಮೇಲಿನ ಟ್ಯಾಂಕಿಗೆ ಮುಚ್ಚಳವಿಲ್ಲದಿದ್ದರೆ, ಚರಂಡಿಯ ಪಕ್ಕದ ಕೊಳವೆ ಸೋರುತ್ತಿದ್ದರೆ ಒಳ್ಳೆಯ ನೀರೂ ಕೆಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು, ವರ್ಷವಿಡೀ ಬೋರ್‌ವೆಲ್ ನೀರು ಬೆರೆಸುವ ಕಟ್ಟಡಗಳಿವೆ. ಎಷ್ಟೋ ಸಲ ಮನೆಗೆ ಬೇಕಾದದ್ದು ಯಂತ್ರವಲ್ಲ, ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು “ಟ್ಯಾಂಕು ತೊಳೆಸಿ ಎಷ್ಟು ದಿನವಾಯಿತು?” ಎಂದು ಕೇಳುವ ಧೈರ್ಯ.

ನೀರಿನ ಪರೀಕ್ಷೆ ಹೀಗೆ ಮಾಡಿಸಿರಿ. ಮೊದಲು ನೀರು ಎಲ್ಲಿಂದ ಬರುತ್ತದೆಂದು ಸೊಸೈಟಿಯ ಕಾರ್ಯದರ್ಶಿಯನ್ನೋ ಪಂಪು ನೋಡಿಕೊಳ್ಳುವವರನ್ನೋ ವಿಚಾರಿಸಿ. ನಂತರ ನಗರಪಾಲಿಕೆಯ ಅಥವಾ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಶುದ್ಧೀಕರಿಸಿದ ಸೀಸೆಯನ್ನೇ ಬಳಸಬೇಕು. ವರದಿ ಬಂದಾಗ ಈ ಅಂಕಿಗಳನ್ನು ನೋಡಿ: ಕರಗಿದ ಒಟ್ಟು ಲವಣ, ಅಂದರೆ ಟಿ.ಡಿ.ಎಸ್., ಲೀಟರಿಗೆ 500 ಮಿಲಿಗ್ರಾಂ ಒಳಗೆ ಇರುವುದು ಒಳ್ಳೆಯದು. ಬೇರೆ ನೀರೇ ಇಲ್ಲದಲ್ಲಿ 2000ದವರೆಗೆ ಮಾನಕ ಒಪ್ಪುತ್ತದೆ. ಗಡಸುತನ 200, ಬೇರೆ ದಾರಿಯಿಲ್ಲದಿದ್ದರೆ 600. ಫ್ಲೋರೈಡ್ 1, ಹೆಚ್ಚೆಂದರೆ 1.5. ನೈಟ್ರೇಟ್ 45 ದಾಟಬಾರದು. 100 ಮಿಲಿಲೀಟರ್ ನೀರಿನಲ್ಲಿ ಈ-ಕೋಲಿ ರೋಗಾಣು ಒಂದೂ ಇರಬಾರದು.

ಟಿ.ಡಿ.ಎಸ್. ಮೀಟರ್ ಅಗ್ಗವಾಗಿ ಸಿಗುತ್ತದೆ, ಕೊಂಡಿಟ್ಟುಕೊಳ್ಳಬಹುದು. ಆದರೆ ಅದು ಲವಣವನ್ನು ಮಾತ್ರ ಅಳೆಯುತ್ತದೆ. ರೋಗಾಣು ಅದಕ್ಕೆ ಕಾಣದು. ಚರಂಡಿ ನೀರು ಬೆರೆತಿರುವ ಸಂಶಯವಿದ್ದರೆ, ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ ಒಂದು ಸುಲಭ ವಿಧಾನವಿದೆ. ಔಷಧ ಲೇಪಿಸಿದ ಸಣ್ಣ ಸೀಸೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಮಲಿನ ನೀರು ಕಪ್ಪಾಗುತ್ತದೆ.

ಯಾವ ನೀರಿಗೆ ಯಾವ ಸಾಧನ?

ವರದಿ ಕೈಗೆ ಬಂದರೆ ಆಯ್ಕೆ ತಾನಾಗಿ ಸರಳವಾಗುತ್ತದೆ.

ನಗರಪಾಲಿಕೆಯ ನೀರು, ಲವಣ ಕಡಿಮೆ, ಭಯ ರೋಗಾಣುಗಳದ್ದು ಮಾತ್ರ ಎಂದಾದರೆ ಯು.ವಿ. ದೀಪದ ಶೋಧಕ ಸಾಕು. ನೀರು ತಿಳಿಯಾಗಿದ್ದರೆ ಮಾತ್ರ ಆ ಬೆಳಕು ಸರಿಯಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಮುಂದೆ ಒಂದು ಸೋಸುಕ ಇರಬೇಕು, ದೀಪವನ್ನು ಕಾಲಕಾಲಕ್ಕೆ ಬದಲಿಸಬೇಕು. ಅದೂ ಬೇಡವೆಂದರೆ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಕಳಕಳನೆ ಕುದಿಸಿ, ಆರಿಸಿ, ಮುಚ್ಚಿಡಿ. ಅಜ್ಜಿಯ ಕಾಲದ ಈ ವಿಧಾನ ಇಂದಿಗೂ ಸೋತಿಲ್ಲ. ಕುದಿಸುವುದರಿಂದ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ ಎಂಬುದೊಂದು ನೆನಪಿರಲಿ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು, ಉಪ್ಪುಪ್ಪಾಗಿದೆ, ಟಿ.ಡಿ.ಎಸ್. 500 ದಾಟಿದೆ, ಅಥವಾ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಹೆಚ್ಚಿದೆ ಎಂದರೆ ಆರ್.ಒ. ಬೇಕು. ಅದು ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುವುದು ಸಾಮಾನ್ಯ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿರಿ. ಲವಣ ಕಡಿಮೆಯಿರುವ ನೀರಿಗೆ ಆರ್.ಒ. ಹಾಕುವುದು ವ್ಯರ್ಥ. ಟಿ.ಡಿ.ಎಸ್. 500ಕ್ಕಿಂತ ಕಡಿಮೆಯಿದ್ದಲ್ಲಿ ಆರ್.ಒ. ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2019ರ ಮೇ ತಿಂಗಳಲ್ಲಿ ಹೇಳಿದ್ದೂ ಈ ಕಾರಣಕ್ಕೇ.

‘ಆಲ್ಕಲೈನ್’ ಎಂದು ಬರೆದ ಆರ್.ಒ. ಯಂತ್ರಗಳೂ ಬರುತ್ತವೆ. ಅವು ಅಯೊನೈಸರ್ ಅಲ್ಲ. ಕೊನೆಯಲ್ಲಿ ಒಂದಿಷ್ಟು ಖನಿಜ ಬೆರೆಸುವ ಡಬ್ಬಿ ಇರುತ್ತದೆ, ಅಷ್ಟೇ. ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಈ ಪಟ್ಟಿಯಲ್ಲಿ ಅಯೊನೈಸರಿಗೆ ಸ್ಥಾನ ಎಲ್ಲಿ? ನೀರು ಕೆಟ್ಟಿದ್ದರೆ ಅದು ಸರಿಪಡಿಸುವುದಿಲ್ಲ. ನೀರು ಚೆನ್ನಾಗಿದ್ದರೆ ಅದರ ಅಗತ್ಯವಿಲ್ಲ.

ಆದರೂ ಬೇಕೆಂದರೆ

ಇಷ್ಟೆಲ್ಲ ಹೇಳಿದ ಮೇಲೂ ಮನೆಯ ಹಿರಿಯರು ಇರಲಿ ಎನ್ನಬಹುದು. ಹಣ ಅವರದು, ಆಸೆಯೂ ಅವರದು. ಅಥವಾ ಯಂತ್ರ ಈಗಾಗಲೇ ಬಂದಿರಬಹುದು. ಆಗ ಜಗಳವಾಡಬೇಡಿ, ಸರಿಯಾಗಿ ಕೂರಿಸಿ.

ಕೊಳ್ಳುವಾಗ ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೇಳಿ: ನಮ್ಮ ವರದಿಯ ಟಿ.ಡಿ.ಎಸ್. ಮತ್ತು ಗಡಸುತನಕ್ಕೆ ಈ ಯಂತ್ರ ಹೊಂದುತ್ತದೆಯೇ? ಸೋಸುಕ ಎಷ್ಟು ಲೀಟರಿಗೆ ಬದಲಿಸಬೇಕು, ಬೆಲೆ ಎಷ್ಟು? ತಗಡುಗಳ ಶುದ್ಧಿ ತಾನಾಗಿ ನಡೆಯುತ್ತದೆಯೇ? ಕೆಟ್ಟರೆ ನಮ್ಮ ಊರಿನಲ್ಲೇ ದುರಸ್ತಿ ಆಗುತ್ತದೆಯೇ? ತಗಡುಗಳ ಸಂಖ್ಯೆ ಹೆಚ್ಚಿದಷ್ಟೂ ಆರೋಗ್ಯ ಹೆಚ್ಚು ಎಂಬ ಮಾತಿಗೆ ಮರುಳಾಗಬೇಡಿ.

ಕೂರಿಸುವಾಗ ಗಮನಿಸಬೇಕಾದವು ಹೀಗಿವೆ. ತಣ್ಣೀರಿನ ನಲ್ಲಿಗೆ ಮಾತ್ರ ಜೋಡಿಸಿ. ಗೀಸರಿನ ಬಿಸಿನೀರು ಹಾಯಬಾರದು. ಆರ್.ಒ. ಯಂತ್ರದ ನಂತರ ಜೋಡಿಸಬೇಡಿ. ಮಣ್ಣು, ತುಕ್ಕು ಬರುವ ನೀರಾದರೆ ಮುಂದೆ ಒಂದು ಸೋಸುಕ ಇರಲಿ. ರೋಗಾಣುಗಳ ಸಂಶಯವಿದ್ದಲ್ಲಿ ಯು.ವಿ. ಶೋಧಕದ ನಂತರವೇ ಅಯೊನೈಸರ್. ಮೇಲಿನ ಮಹಡಿಗಳಲ್ಲಿ ಒತ್ತಡ ಕಡಿಮೆಯಿರುವುದರಿಂದ, ಯಂತ್ರಕ್ಕೆ ಬೇಕಾದ ಒತ್ತಡ ಇದೆಯೇ ಎಂದು ಪ್ಲಂಬರಿನಿಂದ ಮೊದಲೇ ನೋಡಿಸಿ. ಆಮ್ಲೀಯ ನೀರಿನ ಕೊಳವೆ ಎಲ್ಲೂ ಮಡಚಿಕೊಳ್ಳದೆ, ಕಟ್ಟಿಕೊಳ್ಳದೆ, ಕೆಳಮುಖವಾಗಿ ಸಿಂಕಿಗೆ ಹರಿಯಬೇಕು.

ನೀರು ಮತ್ತು ವಿದ್ಯುತ್ ಜೊತೆಗಿರುವ ಜಾಗವಿದು. ಮೂರು ಪಿನ್ನಿನ, ಅರ್ಥಿಂಗ್ ಸರಿಯಾಗಿರುವ ಪ್ಲಗ್ ಸಿಂಕಿನ ತುಂತುರು ತಾಗದಷ್ಟು ದೂರದಲ್ಲಿರಬೇಕು. ಎಕ್ಸ್‌ಟೆನ್ಷನ್ ವೈರು ಬೇಡ. ಹಳೆಯ ಕಟ್ಟಡವಾದರೆ ಎಲೆಕ್ಟ್ರಿಷಿಯನ್ ಒಬ್ಬರಿಂದ ಅರ್ಥಿಂಗ್ ಪರೀಕ್ಷಿಸಿ.

ಮೊದಲ ದಿನ ಕೆಲವು ನಿಮಿಷ ನೀರನ್ನು ಹಾಗೇ ಹರಿಯಬಿಡಿ. ಇದ್ದಿಲಿನ ಪುಡಿ ಹೋಗಲಿ. ಪ್ರತಿದಿನ ಬೆಳಿಗ್ಗೆಯೂ ತುಸು ನೀರು ಹರಿಸಿದ ಮೇಲೆಯೇ ಹಿಡಿಯಿರಿ. ಕಡಿಮೆ ಮಟ್ಟದಿಂದ ಆರಂಭಿಸಿ, ಪಿ.ಎಚ್. 10 ಮುಟ್ಟುವ ನೀರನ್ನು ಎಂದಿಗೂ ಕುಡಿಯಬೇಡಿ. ಮಾತ್ರೆಗಳನ್ನು ಸಾಮಾನ್ಯ ನೀರಿನಲ್ಲೇ ನುಂಗಿ. ಇದ್ದಿಲು ಕ್ಲೋರಿನ್ ತೆಗೆದಿರುವುದರಿಂದ ಈ ನೀರನ್ನು ದಿನಗಟ್ಟಲೆ ತುಂಬಿಡಬಾರದು. ಗಡಸು ನೀರಿನ ಊರುಗಳಲ್ಲಿ ತಗಡುಗಳ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಬಿಸಿನೀರಿನ ಹಂಡೆಯೊಳಗೆ ಬಿಳಿ ಕಟ್ಟುವಂತೆಯೇ. ಕೈಪಿಡಿಯಲ್ಲಿ ಹೇಳಿದಂತೆ ಸಿಟ್ರಿಕ್ ಆಮ್ಲದಿಂದ ಅದನ್ನು ಕಾಲಕಾಲಕ್ಕೆ ತೊಳೆಯಬೇಕು.

ಬೇಡ ಎನ್ನುವ ಬಗೆ

ಇದೇ ಕಷ್ಟದ ಭಾಗ. ಅನೇಕ ಯಂತ್ರಗಳು ಅಂಗಡಿಯಲ್ಲಿ ಮಾರಾಟವಾಗುವುದಿಲ್ಲ. ಕೊಂಡವರೇ ಮಾರುವವರಾಗುತ್ತಾರೆ, ಒಬ್ಬರಿಂದ ಇನ್ನೊಬ್ಬರಿಗೆ ಸರಪಳಿ ಬೆಳೆಯುತ್ತದೆ. ಪ್ರತಿ ಮಾರಾಟಕ್ಕೂ ಕಮಿಷನ್. ಮನೆಗೆ ಬಂದ ಆ ಹಿರಿಯರು ಮೋಸಗಾರರಲ್ಲ. ತಾವೇ ನಂಬಿ ಕೊಂಡವರು, ಹಾಕಿದ ಹಣ ಮರಳಿ ಬರಲಿ ಎಂದು ಕಾಯುತ್ತಿರುವವರು. ಅವರ ಮನಸ್ಸು ನೋಯದಂತೆ ಮಾತಾಡಬೇಕು.

“ಮಾವ, ನೀವು ನಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೀರಿ. ಮೊದಲು ನಮ್ಮ ನೀರು ಪರೀಕ್ಷೆ ಮಾಡಿಸುತ್ತೇವೆ, ಅಜ್ಜಿಯ ಡಾಕ್ಟರನ್ನೂ ಕೇಳುತ್ತೇವೆ. ಆಮೇಲೆ ಕೂತು ಮಾತಾಡೋಣ. ಈಗ ಕಾಫಿ ಕುಡಿಯಿರಿ” ಎನ್ನಿ. ಇದರಲ್ಲಿ ಅಗೌರವವಿಲ್ಲ, ಸುಳ್ಳೂ ಇಲ್ಲ. ಅಂದೇ ಸಹಿ ಹಾಕಿ, ಅಂದೇ ಮುಂಗಡ ಕೊಡಿ ಎಂದು ಒತ್ತಾಯಿಸಿದರೆ ಆ ಒತ್ತಾಯವೇ ಎಚ್ಚರಿಕೆಯ ಗಂಟೆ.

ಅಪ್ಪನಿಗೆ ಲೆಕ್ಕ ತೋರಿಸಿ. ಯಂತ್ರಕ್ಕೆ ಒಂದೂವರೆ ಲಕ್ಷ ಎಂದಿಟ್ಟುಕೊಳ್ಳಿ. ಶೇಕಡಾ 7ರ ಬಡ್ಡಿಗೆ ಆ ಹಣ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ 10,500 ರೂಪಾಯಿ ಬರುತ್ತದೆ, ಅಸಲು ಹಾಗೇ ಉಳಿಯುತ್ತದೆ. ಯಂತ್ರ ತಂದರೆ ಅದೂ ಹೋಯಿತು, ಮೇಲೆ ಸೋಸುಕದ ಖರ್ಚು. ಕಂತಿನಲ್ಲಿ ಕೊಂಡರೆ ಬಡ್ಡಿ ನೀವು ಕಟ್ಟಬೇಕು.

ಕಾನೂನಿನ ಬಲವೂ ಇದೆ. 2021ರ ಡಿಸೆಂಬರಿನಲ್ಲಿ ಬಂದ ಗ್ರಾಹಕ ಸಂರಕ್ಷಣೆಯ ನೇರ ಮಾರಾಟ ನಿಯಮಗಳು ಪಿರಮಿಡ್ ಮಾದರಿಯ ಹಣದ ಯೋಜನೆಗಳನ್ನು ನಿಷೇಧಿಸುತ್ತವೆ. ಮಾರುವವರು ಗುರುತುಪತ್ರವಿಲ್ಲದೆ, ಮೊದಲೇ ತಿಳಿಸಿ ಒಪ್ಪಿಗೆ ಪಡೆಯದೆ ಮನೆಗೆ ಬರುವಂತಿಲ್ಲ. ದೂರು ಕೊಡಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ರಸೀದಿ, ಒಪ್ಪಂದ, ಕೈಪಿಡಿ, ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ.

ಯುವಮಿತ್ರರೇ, ನಿಮ್ಮ ತಂದೆತಾಯಂದಿರು ಈ ಊರಿಗೆ ಬಂದಾಗ ಬೀದಿಯ ನಲ್ಲಿಯಲ್ಲಿ ಸಾಲುಗಟ್ಟಿ ನಿಂತು ನೀರು ಹಿಡಿದವರಿರಬಹುದು. ಅವರು ಕೂಡಿಟ್ಟ ಹಣದ ಬೆಲೆ ಅವರಿಗೆ ಗೊತ್ತು. ಆದರೆ ಕಾಯಿಲೆಯ ಭಯ ಬಂದಾಗ ಎಂಥವರ ಕೈಯೂ ಸಡಿಲವಾಗುತ್ತದೆ. ಅವರು ನಿಮ್ಮನ್ನು ಓದಿಸಿದ್ದು ಇಂಥ ದಿನಕ್ಕೂ ಸೇರಿ. ಈ ಭಾನುವಾರವೇ ಸೊಸೈಟಿಯ ಟ್ಯಾಂಕನ್ನು ಹತ್ತಿ ನೋಡಿ, ಪ್ರಯೋಗಾಲಯದ ಸೀಸೆ ತನ್ನಿ, ವರದಿ ಬಂದ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು ಒಂದೊಂದು ಸಾಲನ್ನೂ ಕನ್ನಡದಲ್ಲೇ ಬಿಡಿಸಿ ಹೇಳಿ. ಅಜ್ಜಿಯ ಮಾತ್ರೆಯ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿಬಿಡಿ.